ಡಬಲ್ ಕ್ಲಿಕ್ ಮಾಡಿದರೆ ಯಾವ ಪ್ರೋಗ್ರಾಂ ತೆರೆಯಬೇಕು? ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಮಾಡಿ ನೋಡಿದ್ದು

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ನಮಗೆ ಬೇಕಾದ ಪ್ರೋಗ್ರಾಂ ತೆರೆಯಬೇಕು. ಕೇಳೋದು ಇಷ್ಟೇ. ಆದರೆ ಅದನ್ನು ಹೇಳಿಕೊಡೋಕೆ ಒಂದೊಂದು ಸಿಸ್ಟಮ್ಮಿನಲ್ಲಿ ಒಂದೊಂದು ದಾರಿ, ವಿಂಡೋಸ್‌ನಲ್ಲಂತೂ ಒಂದರೊಳಗೇ ನಾಲ್ಕು ದಾರಿ. ನನ್ನ ಕೆಲಸದ ಲ್ಯಾಪ್‌ಟಾಪ್ ವಿಂಡೋಸ್ 11. ತಂಗಿಯದು ಮ್ಯಾಕ್‌ಬುಕ್. ಮೂಲೆ ಸೇರಿದ್ದ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಟ್ಟಿದ್ದೇನೆ. ಮೂರರಲ್ಲೂ ಅವೇ ನಾಲ್ಕು ಥರದ ಫೈಲ್ ಇಟ್ಟುಕೊಂಡು ನೋಡಿದೆ: ಪಿಡಿಎಫ್, ಎಂಕೆವಿ ವಿಡಿಯೋ, ಜೆಎಸ್ (ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ), ಮತ್ತೆ ಕನ್ನಡ ಹೆಸರುಗಳಿರುವ ಸಿಎಸ್‌ವಿ, ಅಂದರೆ ಕಾಲಂಗಳ ಮಧ್ಯೆ ಅಲ್ಪವಿರಾಮ ಹಾಕಿದ ಸಾದಾ ಟೆಕ್ಸ್ಟ್ ಪಟ್ಟಿ.

ಆ ಸಿಎಸ್‌ವಿ ಯಾಕೆ ಅಂತ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ನನ್ನ ತಲೆಬಿಸಿಯೆಲ್ಲ ಶುರುವಾಗಿದ್ದು ಅಲ್ಲಿಂದಲೇ. ಗೂಗಲ್ ಶೀಟ್ಸ್‌ನಿಂದ ಒಂದು ಪಟ್ಟಿಯನ್ನು ಸಿಎಸ್‌ವಿ ಮಾಡಿ ಇಳಿಸಿಕೊಳ್ಳಿ, ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿ. ಎಕ್ಸೆಲ್ ಇದ್ದರೆ ಅದೇ ತೆರೆಯುತ್ತದೆ, ಕನ್ನಡ ಇರಬೇಕಾದ ಕಡೆಯೆಲ್ಲ ಕಸ ಕಾಣಿಸುತ್ತದೆ. ಫೈಲಿನ ಶುರುವಿನಲ್ಲಿ ಬಿಒಎಂ ಅನ್ನೋ ಗುರುತು ಇಲ್ಲದಿದ್ದರೆ ಎಕ್ಸೆಲ್ ಅದನ್ನು ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆದಿಡೋ ಪದ್ಧತಿ) ಅಂತ ಗುರುತಿಸದೆ, ಒಂದು ಬೈಟ್‌ಗೆ ಒಂದು ಅಕ್ಷರ ಅನ್ನೋ ಹಳೇ ಕೋಡ್ ಪೇಜ್‌ನಲ್ಲಿ ಓದುತ್ತದೆ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ 3 ಬೈಟ್. ‘ಬೆಂಗಳೂರು’ ಅನ್ನೋ ಪದದಲ್ಲಿ ಹಾಗೆ ಎಂಟು ತುಂಡು, ಅಂದರೆ 24 ಬೈಟ್. ಆ 24ನ್ನೂ ಬಿಡಿಬಿಡಿಯಾಗಿ ಓದಿದರೆ, ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ‘ಎ’ ಮೂರಕ್ಕೊಂದು ಸಲ ಬರುತ್ತಾ ಸಾಲು ಪೂರ್ತಿ ಹಾಳು. ಫೈಲ್ ಕೆಟ್ಟಿಲ್ಲ, ತೆರೆದ ರೀತಿ ಸರಿ ಇಲ್ಲ ಅಷ್ಟೇ. ಎಕ್ಸೆಲ್‌ನಲ್ಲೇ ಡೇಟಾ ಮೆನುವಿನಿಂದ ತಂದುಕೊಂಡು 65001 ಯುಟಿಎಫ್-8 ಅಂತ ಆರಿಸಿದರೆ ಸರಿಯಾಗಿಯೇ ಬರುತ್ತದೆ. ಆದರೆ ಪ್ರತಿ ಸಲ ಅಷ್ಟು ದೂರ ಯಾರು ಹೋಗ್ತಾರೆ, ಅಲ್ವಾ? ಎಕ್ಸೆಲ್ ಥರದ್ದೇ ಉಚಿತ ಪ್ರೋಗ್ರಾಂ ಲಿಬ್ರೆಆಫೀಸ್ ಕ್ಯಾಲ್ಕ್ ಹಾಗಲ್ಲ. ಸಿಎಸ್‌ವಿ ತೆರೆಯುವ ಮೊದಲೇ ಒಂದು ಕಿಟಕಿ ತೋರಿಸಿ ಯಾವ ಕ್ಯಾರೆಕ್ಟರ್ ಸೆಟ್ ಅಂತ ಕೇಳುತ್ತದೆ, ಕೆಳಗೆ ಮಾದರಿ ಸಾಲುಗಳು ಕಾಣುತ್ತವೆ. ಫೋನ್ ನಂಬರಿನ ಕಾಲಂ ಆರಿಸಿ ‘ಟೆಕ್ಸ್ಟ್’ ಅಂತ ಹೇಳಿದರೆ ಮುಂದಿನ ಸೊನ್ನೆಯೂ ಹಾರಿಹೋಗಲ್ಲ. ಆದ್ದರಿಂದ ಸಿಎಸ್‌ವಿಗೆ ಕ್ಯಾಲ್ಕ್ ಡೀಫಾಲ್ಟ್ (ಡಬಲ್ ಕ್ಲಿಕ್‌ಗೆ ತಾನಾಗಿ ತೆರೆಯೋ ಪ್ರೋಗ್ರಾಂ) ಆಗಬೇಕು, ಉಳಿದ ಎಕ್ಸೆಲ್ ಫೈಲ್‌ಗಳು ಎಕ್ಸೆಲ್‌ನಲ್ಲೇ ಇರಬೇಕು. ಇದು ನನ್ನ ಪರೀಕ್ಷೆ.

ವಿಂಡೋಸ್‌ನಲ್ಲಿ ಮೊದಲ ದಾರಿ ಎಲ್ಲರಿಗೂ ಗೊತ್ತಿರೋದು. ರೈಟ್ ಕ್ಲಿಕ್, ಓಪನ್ ವಿತ್, ಚೂಸ್ ಅನದರ್ ಆಪ್, ಕ್ಯಾಲ್ಕ್ ಆರಿಸಿ ‘ಆಲ್ವೇಸ್’ ಒತ್ತೋದು. ಪಕ್ಕದಲ್ಲೇ ‘ಜಸ್ಟ್ ಒನ್ಸ್’ ಇದೆ, ಅವಸರದಲ್ಲಿ ಕೈ ಅಲ್ಲಿಗೇ ಹೋಗುತ್ತದೆ, ಆಮೇಲೆ ‘ಮತ್ತೆ ಎಕ್ಸೆಲ್ಲೇ ಬಂತಲ್ಲ’ ಅಂತ ಗೊಣಗಾಟ. ಒಂದು ಥರದ ಫೈಲಿಗೆ ಇದಕ್ಕಿಂತ ಬೇಗ ಆಗೋ ದಾರಿ ಇಲ್ಲ. ಫೈಲ್ ಕಣ್ಣೆದುರಿಗೆ ಇರಬೇಕು, ಅದೊಂದೇ ಷರತ್ತು.

ಎರಡನೆಯದು ಸೆಟಿಂಗ್ಸ್, ಆಪ್ಸ್, ಡೀಫಾಲ್ಟ್ ಆಪ್ಸ್. ಇಲ್ಲಿ ಎರಡು ಬಾಗಿಲು. ಮೇಲಿನ ಪೆಟ್ಟಿಗೆಯಲ್ಲಿ ಚುಕ್ಕೆ ಹಾಕಿ ಸಿಎಸ್‌ವಿ ಅಂತ ಟೈಪ್ ಮಾಡಿದರೆ ಈಗ ಯಾರ ಕೈಯಲ್ಲಿದೆ ಅಂತ ತೋರಿಸುತ್ತದೆ, ಅಲ್ಲೇ ಬದಲಿಸಬಹುದು. ಇದು ಚೆನ್ನಾಗಿದೆ, ಎರಡು ಮಾತಿಲ್ಲ. ಇನ್ನೊಂದು ಬಾಗಿಲು ಪ್ರೋಗ್ರಾಂ ಹೆಸರಿನಿಂದ ಹೋಗೋದು, ಅದು ಮಾತ್ರ ಸುಸ್ತು. ವಿಡಿಯೋ ಪ್ಲೇಯರ್ ವಿಎಲ್‌ಸಿ ಆರಿಸಿದರೆ ಅದು ನುಡಿಸಬಲ್ಲ ಎಲ್ಲ ಎಕ್ಸ್‌ಟೆನ್ಷನ್‌ಗಳೂ (ಫೈಲ್ ಹೆಸರಿನಲ್ಲಿ ಕೊನೆಯ ಚುಕ್ಕೆ ಆದಮೇಲಿನ ಬಾಲ) ಉದ್ದಕ್ಕೆ ಸಾಲಾಗಿ ನಿಲ್ಲುತ್ತವೆ, ಒಂದೊಂದನ್ನೇ ಒತ್ತಿ, ಒಂದೊಂದಕ್ಕೂ ಆರಿಸಿ, ಒಂದೊಂದಕ್ಕೂ ಸರಿ ಅನ್ನಬೇಕು. ವಿಂಡೋಸ್ 7ರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇದೇ ಕೆಲಸ ಒಂದೇ ಬಟನ್ನಿನಲ್ಲಿ ಮುಗಿಯುತ್ತಿತ್ತು. ವಿಂಡೋಸ್ 11 ಬಂದ 2021ರಲ್ಲಿ ಬ್ರೌಸರ್‌ಗೂ ಇದೇ ಪಾಡು ಇತ್ತು. ಜನ ಬೈದ ಮೇಲೆ 2022ರ ಮಾರ್ಚ್ ಅಪ್‌ಡೇಟ್‌ನಲ್ಲಿ ಬ್ರೌಸರ್‌ಗಷ್ಟೇ ಒಂದು ‘ಸೆಟ್ ಡೀಫಾಲ್ಟ್’ ಬಟನ್ ಕೊಟ್ಟರು. ವಿಡಿಯೋ ಪ್ಲೇಯರ್‌ಗಳಿಗೆ ಆ ಭಾಗ್ಯ ಇಲ್ಲ.

ಹಾಗಾದರೆ ಹೊರಗಿನ ಟೂಲ್ ಹಾಕಿಬಿಡೋಣ ಅನ್ನಿಸುತ್ತದೆ. ಇಲ್ಲೊಂದು ಒಳಮರ್ಮ ಇದೆ. ನಿಮ್ಮ ಆಯ್ಕೆ ವಿಂಡೋಸ್ ತನ್ನ ಸೆಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ‘ಯೂಸರ್‌ಚಾಯ್ಸ್’ ಅನ್ನೋ ಕೀಯಲ್ಲಿ ಕೂರುತ್ತದೆ, ವಿಂಡೋಸ್ 8ರಿಂದ ಅದರ ಜೊತೆಗೆ ಒಂದು ಹ್ಯಾಶ್ (ಲೆಕ್ಕ ಹಾಕಿ ತಾಳೆ ನೋಡೋ ಸಂಕೇತ) ಇರುತ್ತದೆ. ಹ್ಯಾಶ್ ತಾಳೆಯಾಗದಿದ್ದರೆ ವಿಂಡೋಸ್ ಆ ಆಯ್ಕೆಯನ್ನು ನಂಬುವುದಿಲ್ಲ. ನಮ್ಮನ್ನು ಕೇಳದೆ ಯಾವುದೋ ಪ್ರೋಗ್ರಾಂ ಡೀಫಾಲ್ಟ್ ಬದಲಿಸಿಬಿಡಬಾರದು ಅಂತ ಈ ಬೀಗ. ಒಳ್ಳೆಯದೇ. ಆದರೆ ಅದೇ ಬೀಗ ನಮ್ಮ ಟೂಲ್‌ಗೂ ಅಡ್ಡ. ಸೆಟ್‌ಯೂಸರ್‌ಎಫ್‌ಟಿಎ ಅನ್ನೋ ಕಮಾಂಡ್ ಟೂಲ್ ಈ ಹ್ಯಾಶ್ ಲೆಕ್ಕವನ್ನೇ ಕಲಿತುಕೊಂಡಿತ್ತು, ಆಫೀಸುಗಳಲ್ಲಿ ಹತ್ತಾರು ಮೆಷಿನ್ ನೋಡಿಕೊಳ್ಳೋರಿಗೆ ಅದು ದೊಡ್ಡ ಅನುಕೂಲ. 2024ರಲ್ಲಿ ವಿಂಡೋಸ್ ಯುಸಿಪಿಡಿ ಅನ್ನೋ ಡ್ರೈವರ್ ತಂದು, ಪಿಡಿಎಫ್ ಮತ್ತು ವೆಬ್ ಲಿಂಕ್‌ಗಳ ಕೀಗಳಿಗೆ ಹೊರಗಿನವರು ಕೈ ಹಾಕದಂತೆ ತಡೆ ಹಾಕಿತು. ಸಿಎಸ್‌ವಿ, ಎಂಕೆವಿಗಳಿಗೆ ಆ ತಡೆ ಇಲ್ಲ. ನನ್ನಂಥ ಒಂದು ಲ್ಯಾಪ್‌ಟಾಪಿನ ಮನುಷ್ಯನಿಗೆ ಇಷ್ಟೆಲ್ಲ ಉಸಾಬರಿ ಬೇಡ ಅನ್ನೋದು ನನ್ನ ತೀರ್ಮಾನ.

ಹಳೇ ಬ್ಲಾಗುಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ‘ಅಸೋಕ್’, ‘ಎಫ್‌ಟೈಪ್’ ಬಳಸಿ ಅಂತ ಈಗಲೂ ಬರೆದಿರುತ್ತದೆ. ಕಮಾಂಡ್ ಓಡುತ್ತದೆ, ಆಯಿತು ಅಂತಲೂ ಹೇಳುತ್ತದೆ. ಆದರೆ ನೀವು ಒಮ್ಮೆ ‘ಆಲ್ವೇಸ್’ ಒತ್ತಿದ್ದರೆ ಆ ಆಯ್ಕೆಯದೇ ಮೇಲುಗೈ. ಸುಮ್ನೆ ಟೈಮ್ ವೇಸ್ಟ್.

ನಿರ್‌ಸಾಫ್ಟ್‌ನವರ ಫೈಲ್‌ಟೈಪ್ಸ್‌ಮ್ಯಾನ್ ಬೇರೆ ಜಾತಿ. ಇನ್‌ಸ್ಟಾಲ್ ಮಾಡಬೇಕಿಲ್ಲ, ಜಿಪ್ ಬಿಚ್ಚಿ ಓಡಿಸಿದರೆ ಮೆಷಿನ್ನಿನಲ್ಲಿರುವ ಎಲ್ಲ ಎಕ್ಸ್‌ಟೆನ್ಷನ್‌ಗಳೂ ಒಂದೇ ಪಟ್ಟಿಯಲ್ಲಿ ಬರುತ್ತವೆ, ಯಾವುದನ್ನು ಒತ್ತಿದರೂ ಅದರ ಹಿಂದೆ ಯಾವ ಕಮಾಂಡ್ ಇದೆ ಅಂತ ಕೆಳಗೆ ಕಾಣುತ್ತದೆ. ಡೀಫಾಲ್ಟ್ ಬದಲಿಸೋಕೆ ನಾನು ಇದನ್ನು ಬಳಸಲ್ಲ. ರೈಟ್ ಕ್ಲಿಕ್ ಮೆನುವಿನಲ್ಲಿ ಬೇಡದ್ದು ಸೇರಿಕೊಂಡಾಗ ಅದು ಎಲ್ಲಿಂದ ಬಂತು ಅಂತ ಹುಡುಕೋಕೆ ಇದಕ್ಕಿಂತ ಒಳ್ಳೇದು ಸಿಕ್ಕಿಲ್ಲ.

ಮ್ಯಾಕ್‌ಗೆ ಬಂದರೆ ಎಲ್ಲ ಸರಳ, ಒಂದು ಗುಂಡಿ ಬಿಟ್ಟು. ಫೈಲ್ ಆರಿಸಿ, ಕಮಾಂಡ್ ಜೊತೆ ಐ ಒತ್ತಿ, ‘ಓಪನ್ ವಿತ್’ನಲ್ಲಿ ಪ್ರೋಗ್ರಾಂ ಬದಲಿಸಿ. ಇಷ್ಟಕ್ಕೇ ನಿಲ್ಲಿಸಿದರೆ ಆ ಒಂದು ಫೈಲಿಗೆ ಮಾತ್ರ ಬದಲಾಗುತ್ತದೆ. ಕೆಳಗಿರುವ ‘ಚೇಂಜ್ ಆಲ್’ ಒತ್ತಬೇಕು, ಅದು ಮತ್ತೊಮ್ಮೆ ಕೇಳುತ್ತದೆ, ಹೂಂ ಅನ್ನಬೇಕು. ತಂಗಿ ಇದನ್ನು ಗಮನಿಸದೆ ಬಹಳ ದಿನ ಒಂದೊಂದೇ ಎಂಕೆವಿ ಫೈಲನ್ನು ವಿಎಲ್‌ಸಿಗೆ ಕಟ್ಟುತ್ತಿದ್ದಳು, ಮ್ಯಾಕ್‌ನದೇ ಪ್ಲೇಯರ್ ಕ್ವಿಕ್‌ಟೈಮ್ ಅದನ್ನು ನುಡಿಸಲ್ಲವಲ್ಲ. ಆದರೆ ಇದೇ ಗುಣ ನನಗೆ ಇಷ್ಟವಾಗಿದ್ದೂ ಹೌದು. ರೈಟ್ ಕ್ಲಿಕ್ ಮಾಡಿ ಆಪ್ಷನ್ ಕೀ ಹಿಡಿದರೆ ‘ಓಪನ್ ವಿತ್’ ಇದ್ದದ್ದು ‘ಆಲ್ವೇಸ್ ಓಪನ್ ವಿತ್’ ಆಗುತ್ತದೆ, ಆ ಫೈಲ್ ಒಂದು ಮಾತ್ರ ಬೇರೆ ಪ್ರೋಗ್ರಾಂನಲ್ಲಿ ತೆರೆಯುತ್ತಾ ಇರುತ್ತದೆ. ಎಲ್ಲ ಪಿಡಿಎಫ್ ಮ್ಯಾಕ್‌ನದೇ ಪ್ರೋಗ್ರಾಂ ಪ್ರಿವ್ಯೂನಲ್ಲಿ, ಸಹಿ ಹಾಕಬೇಕಾದ ಒಂದು ಮಾತ್ರ ಬೇರೆಯದರಲ್ಲಿ. ವಿಂಡೋಸ್‌ನಲ್ಲಿ ಆಯ್ಕೆ ಎಕ್ಸ್‌ಟೆನ್ಷನ್‌ಗೆ ಅಂಟಿರುತ್ತದೆ, ಹಾಗಾಗಿ ಈ ಸೌಲಭ್ಯ ಇಲ್ಲ.

ಉಬುಂಟುನಲ್ಲಿ ಮೌಸ್ ದಾರಿ ವಿಂಡೋಸ್ ಥರವೇ: ಓಪನ್ ವಿತ್, ಕೆಳಗೆ ‘ಈ ಥರದ ಫೈಲಿಗೆ ಯಾವಾಗಲೂ ಇದೇ’ ಅನ್ನೋ ಗುಂಡಿ. ವ್ಯತ್ಯಾಸ ಇರೋದು ಹಿಂದೆ. ಆಯ್ಕೆಗಳೆಲ್ಲ ಹೋಮ್ ಫೋಲ್ಡರಿನ ಕಾನ್ಫಿಗ್‌ನಲ್ಲಿರುವ ಮೈಮ್‌ಆಪ್ಸ್ ಡಾಟ್ ಲಿಸ್ಟ್ ಅನ್ನೋ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇರುತ್ತವೆ. ಒಂದು ಸಾಲು, ಎಡಕ್ಕೆ ಫೈಲಿನ ಥರ, ಬಲಕ್ಕೆ ಪ್ರೋಗ್ರಾಂ ಹೆಸರು. ತೆರೆದು ಓದಬಹುದು, ತಿದ್ದಬಹುದು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಇನ್ನೊಂದು ಮೆಷಿನ್ನಿಗೆ ಒಯ್ಯಬಹುದು. ಹ್ಯಾಶ್ ಇಲ್ಲ, ಬೀಗ ಇಲ್ಲ. ಎಕ್ಸ್‌ಟೆನ್ಷನ್ನೇ ಇಲ್ಲದ ಫೈಲ್ ಬಂದರೂ ಒಳಗಿನ ಮೊದಲ ಬೈಟ್‌ಗಳನ್ನು ನೋಡಿ ಇದು ಪಿಡಿಎಫ್ ಅಂತ ಗುರುತಿಸಿ ತೆರೆಯುತ್ತದೆ. ಅದೇ ಫೈಲನ್ನು ವಿಂಡೋಸ್‌ಗೆ ಕೊಟ್ಟರೆ ಯಾವುದರಲ್ಲಿ ತೆರೆಯಲಿ ಅಂತ ನಮ್ಮನ್ನೇ ಕೇಳುತ್ತದೆ. ಕಷ್ಟ ಏನಪ್ಪಾ ಅಂದರೆ, ಥರದ ಹೆಸರೂ ಪ್ರೋಗ್ರಾಂ ಹೆಸರೂ ನಿಮಗೆ ಬಾಯಿಗೆ ಬರಬೇಕು, ಒಂದಕ್ಷರ ತಪ್ಪಿದರೆ ಯಾವ ದೂರೂ ಹೇಳದೆ ಹಳೇದನ್ನೇ ತೆರೆಯುತ್ತದೆ. ಎಕ್ಸ್‌ಡಿಜಿ-ಮೈಮ್ ಅನ್ನೋ ಕಮಾಂಡ್ ಫೈಲಿನ ಥರವನ್ನೂ, ಅದಕ್ಕೆ ಈಗ ಯಾವ ಪ್ರೋಗ್ರಾಂ ಅಂತಲೂ ಹೇಳುತ್ತದೆ, ಮೊದಲು ಅದನ್ನು ಕೇಳಿಕೊಂಡರೆ ವಾಸಿ.

ಮೂರರಲ್ಲಿ ನನ್ನ ಓಟು ಲಿನಕ್ಸ್‌ಗೇ, ಆದರೆ ಅದು ಟೆಕ್ಸ್ಟ್ ಫೈಲ್ ತಿದ್ದೋಕೆ ಅಂಜದವರಿಗೆ. ಮನೆಯ ಹಿರಿಯರಿಗೆ ಮ್ಯಾಕ್ ದಾರಿ ತೋರಿಸಿಕೊಡೋದು ಸುಲಭ. ವಿಂಡೋಸ್ ಇದ್ದವರು ಎಕ್ಸ್‌ಟೆನ್ಷನ್ ಟೈಪ್ ಮಾಡಿ ಬದಲಿಸೋ ದಾರಿ ಹಿಡಿಯಿರಿ, ಟೂಲ್‌ಗಳ ಹಿಂದೆ ಹೋಗಬೇಡಿ.

ಜೆಎಸ್ ವಿಷಯ ಉಳೀತು. ವಿಂಡೋಸ್‌ನಲ್ಲಿ ಜೆಎಸ್ ಫೈಲಿಗೆ ಡಬಲ್ ಕ್ಲಿಕ್ ಮಾಡಿದರೆ ಅದು ತೆರೆಯೋದಲ್ಲ, ಓಡುತ್ತದೆ. ಮೇಲ್‌ನಲ್ಲಿ ‘ಬಿಲ್’ ಅಂತ ಹೆಸರಿಟ್ಟುಕೊಂಡು ಬರುವ ಎಷ್ಟೋ ಕೆಡುಕು ಇದೇ ದಾರಿ ಹಿಡಿಯುತ್ತದೆ. ಡೀಫಾಲ್ಟ್ ಆಪ್ಸ್‌ಗೆ ಹೋಗಿ ಜೆಎಸ್, ಅದರಂತೆಯೇ ಓಡುವ ವಿಬಿಎಸ್ ಎರಡನ್ನೂ ನೋಟ್‌ಪ್ಯಾಡ್‌ಗೆ ಕೊಟ್ಟುಬಿಡಿ, ಆಮೇಲೆ ಯಾರಾದರೂ ಒತ್ತಿದರೂ ಬರೀ ಅಕ್ಷರ ಕಾಣುತ್ತದೆ. ಹಾಗೇ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ, ಶೋ ಒಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಟಿಕ್ ಹಾಕಿ. ಹೆಸರಿನ ಬಾಲ ಕಾಣದೆ ಇದ್ದರೆ ಪಿಡಿಎಫ್ ಅಂತ ಕೊನೆಯಾಗುವ ಹೆಸರಿನ ಹಿಂದೆ ಇಎಕ್ಸ್‌ಇ (ಓಡುವ ಪ್ರೋಗ್ರಾಂ) ಅಡಗಿರೋದು ಗೊತ್ತೇ ಆಗಲ್ಲ.