ಅಪ್‌ಡೇಟ್ ಆದ ಮೇಲೆ ಹಾರ್ಡ್ ಡಿಸ್ಕ್ ಕಾಣದಿದ್ದರೆ ಅದರ ಮೇಲೆ ಏನನ್ನೂ ಬರೆಯಲು ಬಿಡಬೇಡಿ

ನನ್ನ ಮೇಜಿನ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್‌ಗಳಿವೆ. ವಿಂಡೋಸ್ ಇರುವುದು ಸಣ್ಣದೊಂದು ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕಿನಲ್ಲಿ. ಹದಿನಾಲ್ಕು ವರ್ಷಗಳ ಫೋಟೋಗಳು, ಮನೆಪತ್ರಗಳ ಸ್ಕ್ಯಾನ್ ಪ್ರತಿಗಳು, ಅಪ್ಪ ತಮ್ಮ ಬಾಲ್ಯದ ಬಗ್ಗೆ ಮಾತನಾಡಿದ್ದ ಧ್ವನಿಮುದ್ರಣಗಳು ಇದ್ದದ್ದು ‘ಇ’ ಎಂಬ ಅಕ್ಷರ ಹೊತ್ತಿದ್ದ 2 ಟಿಬಿ ಹಾರ್ಡ್ ಡಿಸ್ಕಿನಲ್ಲಿ. ಒಂದು ರಾತ್ರಿ ಅಪ್‌ಡೇಟ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ‘ಸಿ’ ಮಾತ್ರ ಇತ್ತು, ‘ಇ’ ಇರಲಿಲ್ಲ. ಎರಡು ಸಲ ರೀಸ್ಟಾರ್ಟ್ ಮಾಡಿದರೂ ಬರಲಿಲ್ಲ. ಬೇರೆಲ್ಲೂ ಪ್ರತಿ ಇಟ್ಟಿರದಿದ್ದ ತಪ್ಪು ನನ್ನದೇ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಗಾಬರಿಯಲ್ಲಿ ಪರಿಚಯದ ರಿಪೇರಿಯವರೊಬ್ಬರನ್ನು ಮನೆಗೆ ಕರೆಸಿದೆ. ಅವರು ಕಂಪ್ಯೂಟರಿನ ಡಿಸ್ಕ್‌ಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ, ವಿಂಡೋಸ್‌ನದೇ ಆದ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರು. ಕೆಳಭಾಗದಲ್ಲಿ ‘ಡಿಸ್ಕ್ 1’ ಎಂಬ ಸಾಲು, ಅದರ ಮೇಲೆ ನೀಲಿ ಪಟ್ಟಿ, ಒಳಗೆ ‘1863 ಜಿಬಿ ಎನ್‌ಟಿಎಫ್‌ಎಸ್, ಹೆಲ್ದಿ’ ಎಂಬ ಬರಹ (ಎನ್‌ಟಿಎಫ್‌ಎಸ್ ಎಂದರೆ ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಕ್ರಮ), ಎಲ್ಲವೂ ಇದ್ದವು; ಅಕ್ಷರ ಮಾತ್ರ ಇರಲಿಲ್ಲ. ಆ ಪರದೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ, ಏಕೆಂದರೆ ಉತ್ತರ ಅಲ್ಲೇ ಇತ್ತು. ಅವರು 1863ರ ಮೇಲೆ ಬೆರಳಿಟ್ಟು, ‘ನೋಡಿ ಸರ್, 2000ದಲ್ಲಿ 137 ಜಿಬಿ ಆಗಲೇ ಹೋಗಿದೆ, ಡಿಸ್ಕ್ ಕರಪ್ಟ್ ಆಗಿದೆ’ ಎಂದರು. ನಾನು ತಲೆಯಾಡಿಸಿದೆ. ತಯಾರಕರು ಒಂದು ಟಿಬಿ ಎಂದರೆ ಲಕ್ಷ ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ, ವಿಂಡೋಸ್ ಒಂದು ಸಾವಿರದ ಬದಲು 1024ರಿಂದ ಭಾಗಿಸುತ್ತಾ ಹೋಗುತ್ತದೆ. ಹಾಗಾಗಿ ಅಂಗಡಿಯಿಂದ ಈಗಷ್ಟೇ ತಂದ 2 ಟಿಬಿ ಡಿಸ್ಕೂ 1863 ಎಂದೇ ತೋರಿಸುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಡ್ರೈವ್ ಅಕ್ಷರ ಡಿಸ್ಕಿನ ಮೇಲೆ ಬರೆದಿರುವಂಥದ್ದಲ್ಲ. ಡಿಸ್ಕಿನ ಯಾವ ವಿಭಾಗಕ್ಕೆ ಯಾವ ಅಕ್ಷರ ಎಂಬುದನ್ನು ವಿಂಡೋಸ್ ತನ್ನ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯಲ್ಲಿ ಗುರುತು ಹಾಕಿಕೊಂಡಿರುತ್ತದೆ. ಆ ಗುರುತು ತಪ್ಪಿದರೆ, ಅಥವಾ ಅದೇ ಅಕ್ಷರವನ್ನು ಬೇರೊಂದು ಸಾಧನ ಹಿಡಿದುಕೊಂಡರೆ, ಡಿಸ್ಕಿನಲ್ಲಿರುವುದಕ್ಕೆ ಕೂದಲೂ ಕೊಂಕದಿದ್ದರೂ ಡ್ರೈವ್ ಕಾಣುವುದಿಲ್ಲ. ನೀಲಿ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’ ಆರಿಸಿ, ‘ಆ್ಯಡ್’ ಒತ್ತಿ ಒಂದು ಅಕ್ಷರ ಕೊಟ್ಟಿದ್ದರೆ ಅರ್ಧ ನಿಮಿಷದಲ್ಲಿ ಎಲ್ಲವೂ ಮರಳಿ ಕಾಣುತ್ತಿತ್ತು. ಅದೇ ಪಟ್ಟಿಯಲ್ಲಿ ಅದರ ಕೆಳಗೇ ‘ಫಾರ್ಮ್ಯಾಟ್’ ಇರುತ್ತದೆ. ಅವರು ಒತ್ತಿದ್ದು ಅದನ್ನು. ‘ಇದು ಕ್ವಿಕ್ ಫಾರ್ಮ್ಯಾಟ್, ಡೇಟಾ ಎಲ್ಲಿಗೂ ಹೋಗುವುದಿಲ್ಲ, ಸಾಫ್ಟ್‌ವೇರ್ ಹಾಕಿ ತೆಗೆದುಕೊಡುತ್ತೇನೆ’ ಎಂಬ ಭರವಸೆಯೂ ಜೊತೆಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಆ ಮಾತು ಪೂರ್ತಿ ಸುಳ್ಳಲ್ಲ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಹೊಸದೊಂದು ಖಾಲಿ ಪರಿವಿಡಿಯನ್ನು ಬರೆಯುತ್ತದೆಯೇ ಹೊರತು ಹಳೆಯ ಪುಟಗಳನ್ನು ಹರಿದು ಹಾಕುವುದಿಲ್ಲ. ‘ಕ್ವಿಕ್’ ಎಂಬ ಟಿಕ್ ತೆಗೆದಿದ್ದರೆ ಇಡೀ ಡಿಸ್ಕಿಗೆ ಸೊನ್ನೆ ಬಳಿದು ಹೋಗುತ್ತಿತ್ತು. ಎಸ್‌ಎಸ್‌ಡಿ ಆಗಿದ್ದರೆ ಖಾಲಿ ಎಂದು ಗುರುತಾದ ಜಾಗವನ್ನು ಅಳಿಸಿಹಾಕುವ ಟ್ರಿಮ್ ಎಂಬ ವ್ಯವಸ್ಥೆಯಿಂದಾಗಿ ಕ್ವಿಕ್ ಫಾರ್ಮ್ಯಾಟ್ ಕೂಡ ಬಹುತೇಕ ಅಂತಿಮವೇ. ನನ್ನದು ಹಾರ್ಡ್ ಡಿಸ್ಕ್ ಆದ್ದರಿಂದ ಆ ಗಳಿಗೆಯಲ್ಲೂ ದಾರಿ ಮುಚ್ಚಿರಲಿಲ್ಲ. ಅದನ್ನು ಮುಚ್ಚಿದ್ದು ಮುಂದಿನ ಕೆಲಸ: ಅವರು ಮರಳಿ ಪಡೆಯುವ ಸಾಫ್ಟ್‌ವೇರನ್ನು ಫಾರ್ಮ್ಯಾಟ್ ಮಾಡಿದ ಅದೇ ಡಿಸ್ಕಿನಲ್ಲಿ ಸ್ಥಾಪಿಸಿ, ಸಿಕ್ಕ ಫೈಲುಗಳನ್ನು ಅಲ್ಲಿಗೇ ಉಳಿಸುವಂತೆ ಹೇಳಿ, ರಾತ್ರಿಯಿಡೀ ಓಡಲು ಬಿಟ್ಟು ಹೋದರು. ಅಂದರೆ ಬಾವಿಯಿಂದ ಸೇದಿದ ನೀರನ್ನು ಅದೇ ಬಾವಿಗೆ ಸುರಿಯುವ ಕೆಲಸ. ಸಾವಿರಾರು ಫೈಲುಗಳು ಹೊಸದಾಗಿ ಸೇರುತ್ತಾ ಹೋದಂತೆ ಹೊಸ ಪರಿವಿಡಿ ಬೆಳೆದು ಹಳೆಯದರ ಮೇಲೆ ಕುಳಿತಿತು. ಮರಳಿ ಬಂದ ಫೋಟೋಗಳು ಇನ್ನೂ ಮರಳಬೇಕಿದ್ದವನ್ನು ತುಳಿದುಹಾಕಿದವು.

ಮೂರನೆಯ ದಿನ, ಈ ಕೆಲಸ ಬಲ್ಲ ಗೆಳೆಯನೊಬ್ಬ ಬಂದು ಮೊದಲು ಮಾಡಿದ್ದು ಕಂಪ್ಯೂಟರನ್ನು ಆರಿಸಿದ್ದು. ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇಡೀ ಡಿಸ್ಕಿನ ಯಥಾಪ್ರತಿಯನ್ನು 4 ಟಿಬಿಯ ಹೊಸ ಡಿಸ್ಕಿಗೆ ಇಳಿಸಿಕೊಂಡು, ಆ ಪ್ರತಿಯ ಮೇಲೆ ಫೋಟೋರೆಕ್ ಎಂಬ ಸಾಫ್ಟ್‌ವೇರ್ ಓಡಿಸಿದ. ಅದು ಹೆಸರುಗಳನ್ನು ನೋಡುವುದೇ ಇಲ್ಲ, ಫೈಲಿನ ಆರಂಭದ ಗುರುತನ್ನು ಹುಡುಕಿ ಹೆಕ್ಕುತ್ತದೆ. ಆದ್ದರಿಂದ ‘ಅಪ್ಪ ಅಮ್ಮನ ಕಾಶಿಯಾತ್ರೆ’ ಎಂಬ ಫೋಲ್ಡರ್ ಈಗ ‘ಎಫ್’ ಅಕ್ಷರದ ಮುಂದೆ ಬರೀ ಅಂಕಿಗಳಿರುವ ನೂರಾರು ಫೈಲುಗಳಾಗಿ, ನಂತರದ ವರ್ಷಗಳ ಚಿತ್ರಗಳ ನಡುವೆ ಕಲಸಿಹೋಗಿದೆ. ಫೋಟೋಗಳಲ್ಲಿ ಹೆಚ್ಚಿನವು ಬಂದವು. ಡಿಸ್ಕಿನ ಮೇಲೆ ತುಂಡುತುಂಡಾಗಿ ಹರಡಿಕೊಂಡಿದ್ದ ದೊಡ್ಡ ಫೈಲುಗಳು ಬರಲಿಲ್ಲ. ಅಪ್ಪನ ಧ್ವನಿಮುದ್ರಣವೊಂದು ಹನ್ನೊಂದು ನಿಮಿಷ ಸರಿಯಾಗಿ ಓಡಿ, ಅವರು ಊರಿನ ಕೆರೆಯ ತೂಬಿನ ಬಗ್ಗೆ ಹೇಳುತ್ತಿರುವಾಗಲೇ ಕರ್ಕಶ ಸದ್ದಾಗಿ ಮುಗಿದುಹೋಗುತ್ತದೆ.

ನಿಮಗೂ ಹೀಗಾದರೆ ವಿಂಡೋಸ್ ಕೀ ಮತ್ತು ‘ಎಕ್ಸ್’ ಒಟ್ಟಿಗೆ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಏನನ್ನೂ ಒತ್ತದೆ ಅಲ್ಲಿರುವುದನ್ನು ಓದಿ. ‘ಹೆಲ್ದಿ’ ಎಂದಿದ್ದು ಅಕ್ಷರವಷ್ಟೇ ಇಲ್ಲದಿದ್ದರೆ ಅಕ್ಷರ ಕೊಡಿ. ಆದರೆ ವಿಂಡೋಸ್ ತನ್ನ ಕೆಲಸಕ್ಕೆಂದು ಇಟ್ಟುಕೊಂಡಿರುವ ಸಣ್ಣ ಇಎಫ್‌ಐ ಮತ್ತು ರಿಕವರಿ ವಿಭಾಗಗಳ ತಂಟೆಗೆ ಹೋಗಬೇಡಿ. ‘ಆಫ್‌ಲೈನ್’ ಎಂದಿದ್ದರೆ ಬಲ ಕ್ಲಿಕ್ ಮಾಡಿ ‘ಆನ್‌ಲೈನ್’ ಆರಿಸಿದರೆ ಸಾಕಾಗಬಹುದು. ‘ರಾ’ (RAW) ಅಥವಾ ‘ನಾಟ್ ಇನಿಶಿಯಲೈಸ್ಡ್’ ಎಂದಿದ್ದರೆ, ಅಂದರೆ ಡಿಸ್ಕಿನಲ್ಲಿರುವುದನ್ನು ವಿಂಡೋಸ್‌ಗೆ ಓದಲಾಗದಿದ್ದರೆ ಮಾತ್ರ ಕೈ ಹಿಂದಕ್ಕೆ ತೆಗೆಯಿರಿ. ಫಾರ್ಮ್ಯಾಟ್ ಮಾಡಲೇ, ಇನಿಶಿಯಲೈಸ್ ಮಾಡಲೇ ಎಂದು ಕಂಪ್ಯೂಟರ್ ತಾನಾಗಿ ಕೇಳಿದರೂ ‘ಕ್ಯಾನ್ಸಲ್’ ಒತ್ತಿ. ಚೆಕ್‌ಡಿಸ್ಕ್ ಓಡಿಸಬೇಡಿ, ಅದೂ ಡಿಸ್ಕಿನ ಮೇಲೆ ತಿದ್ದುವ ಸಾಧನವೇ. ವಿಂಡೋಸ್‌ಗೂ ಮೊದಲೇ ಶುರುವಾಗುವ ಕಂಪ್ಯೂಟರಿನ ಮೂಲ ತಂತ್ರಾಂಶವಾದ ಬಯಾಸ್‌ನಲ್ಲೂ ಡಿಸ್ಕ್ ಕಾಣದಿದ್ದರೆ ಕರೆಂಟ್ ತೆಗೆದು ಕೇಬಲ್ ನೋಡಿ. ಬಯಾಸ್ ಕೂಡ ಅಪ್‌ಡೇಟ್ ಆಗಿದ್ದರೆ ಅದು ಡಿಸ್ಕ್‌ಗಳೊಂದಿಗೆ ಮಾತನಾಡುವ ಕ್ರಮ, ಅಂದರೆ ಸ್ಟೋರೇಜ್ ಮೋಡ್ ಬದಲಾಗಿರುವ ಸಾಧ್ಯತೆಯೂ ಇದೆ. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ತಕ್ಷಣ ಆರಿಸಿಬಿಡಿ, ಆಗ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಇನ್ನು, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಅದೇ ಡಿಸ್ಕಿನಲ್ಲಿ ಇಡದೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಯಾರನ್ನಾದರೂ ಕರೆಸುವುದಾದರೆ ಕೀಬೋರ್ಡ್ ಬಿಟ್ಟುಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಇಡೀ ಡಿಸ್ಕಿನ ಪ್ರತಿಯನ್ನು ಯಾವುದಕ್ಕೆ ತೆಗೆಯುತ್ತೀರಿ, ಸಿಕ್ಕ ಫೈಲುಗಳನ್ನು ಎಲ್ಲಿ ಉಳಿಸುತ್ತೀರಿ. ‘ಇದೇ ಡಿಸ್ಕಿನಲ್ಲಿ’ ಎಂಬ ಉತ್ತರ ಬಂದರೆ ಕಾಫಿ ಕೊಟ್ಟು ಕಳುಹಿಸಿಬಿಡಿ.