ಪುಣೆಯ ರೇಂಜಿನಲ್ಲಿ ಆರು ವರ್ಷ: ಪಾಯಿಂಟ್ 22 ತೋಟಾದ ವಿಮರ್ಶೆ

ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ ಆರು ವರ್ಷಗಳಿಂದ 50 ಮೀಟರ್ ಪ್ರೋನ್ (ಬೋರಲು ಮಲಗಿ ರೈಫಲ್ಲಿನಿಂದ ಗುರಿಯಿಡುವುದು) ಅಭ್ಯಾಸ ಮಾಡುತ್ತಿರುವ ನಾನು, ಅದರಲ್ಲಿ ಬಹುಕಾಲ ಬಳಸಿದ್ದು ಜರ್ಮನಿಯ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಎಂಬ ಪಾಯಿಂಟ್ 22 (ಸುಮಾರು 0.22 ಇಂಚು ವ್ಯಾಸದ) ತೋಟಾವನ್ನು. ಇದರದು 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು. ವೇಗ ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್. ಶಬ್ದದ ವೇಗಕ್ಕಿಂತ ತುಸು ಕಡಿಮೆ.

ಆರಂಭದಲ್ಲಿ ನಾನು ವೇಗಕ್ಕೆ ಮಾರುಹೋಗಿ, ಬೇರೊಂದು ಕಂಪನಿಯ ಸೆಕೆಂಡಿಗೆ 380 ಮೀಟರ್ ವೇಗದ ತೋಟಾ ತಂದಿದ್ದೆ. ಅಡ್ಡಗಾಳಿ ಬೀಸಿದಾಗ ಆ ಗುಂಡುಗಳೇ ಹೆಚ್ಚು ಪಕ್ಕಕ್ಕೆ ಸರಿಯುತ್ತಿದ್ದುದನ್ನು ಕಂಡು ಬೆರಗಾದೆ. ಕಾರಣವಿಷ್ಟೆ: ಶಬ್ದದ ವೇಗವನ್ನು ಮೀರಿ ಹೊರಟ ಗುಂಡಿಗೆ ಗಾಳಿಯ ಪ್ರತಿರೋಧ ಬಹಳ ಹೆಚ್ಚು, ಹೀಗೆ ವೇಗ ಕಳೆದುಕೊಳ್ಳುವ ಪ್ರಮಾಣ ಹೆಚ್ಚಾದಷ್ಟೂ ಅಡ್ಡಗಾಳಿಗೆ ಸರಿಯುವುದೂ ಹೆಚ್ಚು.

ವೇಗಕ್ಕಿಂತ ಮುಖ್ಯವಾದುದು ಏಕರೂಪತೆ. ಈ ಬಗೆಯ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಹಿಂಬದಿಯ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಅದು ಸಮವಾಗಿ ಹರಡದಿದ್ದರೆ ವೇಗ ಏರುಪೇರಾಗುತ್ತದೆ, ಕೆಲವೊಮ್ಮೆ ತೋಟಾ ಸಿಡಿಯುವುದೇ ಇಲ್ಲ. ಎರಡು ಗುಂಡುಗಳ ನಡುವೆ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ 50 ಮೀಟರ್ ದೂರದಲ್ಲಿ ಸುಮಾರು 7 ಮಿಲಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಗುರಿಫಲಕದ ನಡುವಿನ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರ್ ಆಗಿರುವಾಗ ಇದು ಸಣ್ಣ ವಿಷಯವಲ್ಲ. ನನ್ನ ರೈಫಲ್ಲಿನಲ್ಲಿ ಸ್ಟ್ಯಾಂಡರ್ಡ್ ಪ್ಲಸ್ ಈ ವಿಷಯದಲ್ಲಿ ನಂಬಿಕೆ ಉಳಿಸಿಕೊಂಡಿದೆ. ಮೇ ತಿಂಗಳ ಬಿಸಿಲಿನಲ್ಲಿ ಗುಂಡಿನ ಮೇಲಿನ ಜಿಡ್ಡು ಮೆತ್ತಗಾಗಿ ಧೂಳು ಅಂಟುವುದರಿಂದ ಪೆಟ್ಟಿಗೆಯನ್ನು ನೆರಳಿನಲ್ಲಿ, ಮುಚ್ಚಿಯೇ ಇಡುತ್ತೇನೆ.

ನ್ಯೂಜಿಲೆಂಡಿನ ಕುರಿ ಫಾರ್ಮಿನಲ್ಲಿರುವ ನನ್ನ ಅಕ್ಕನ ಮಗ, "ಮಾವ, ಬೆಳೆ ತಿನ್ನುವ ಮೊಲಕ್ಕೆ, ಪೀಡೆಯ ಹಕ್ಕಿಗೆ ಯಾವುದು ಸರಿ?" ಎಂದು ಕೇಳಿದ್ದ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಬೇಟೆ ನನ್ನ ಅನುಭವದ ವಿಷಯವಲ್ಲ. ಕಾಗೆಯನ್ನು ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿದ್ದ ಐದನೆಯ ಅನುಸೂಚಿಯೂ 2022ರ ತಿದ್ದುಪಡಿಯಲ್ಲಿ ಹೋಯಿತು. ಆದರೂ ತೋಟಾದ ಗುಣ ತಿಳಿದವನಾಗಿ ಅವನಿಗೆ ಹೇಳಿದೆ: 50 ಮೀಟರ್ ಒಳಗಿನ ಮೊಲಕ್ಕೆ ಶಬ್ದಕ್ಕಿಂತ ನಿಧಾನದ, ತುದಿ ಟೊಳ್ಳಾದ ಗುಂಡು ಸಾಕು, ಸದ್ದೂ ಕಡಿಮೆ. ನೂರು ಮೀಟರ್ ಆಚೆಗೆ 2002ರಲ್ಲಿ ಬಂದ, ಇನ್ನೂ ಕಿರಿದಾದ ಗುಂಡಿನ ವೇಗದ ತೋಟಾ ಪಾಯಿಂಟ್ 17 ಎಚ್‌ಎಂಆರ್ ಹೆಚ್ಚು ನೇರ ಹಾದಿಯಲ್ಲಿ ಸಾಗುತ್ತದೆ, ಆದರೆ ಅದರ 17 ಗ್ರೇನಿನ ಪುಟ್ಟ ಗುಂಡು ಮಾಂಸವನ್ನು ಹಾಳುಮಾಡುತ್ತದೆ. ಮರದ ಮೇಲೆ ಕೂತ ಹಕ್ಕಿಗೆ ಮಾತ್ರ ಯಾವ ರೈಫಲ್ ಗುಂಡನ್ನೂ ಹಾರಿಸಬಾರದು. ಗುರಿ ತಪ್ಪಿದ ಪಾಯಿಂಟ್ 22 ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬವಿದ್ದರಷ್ಟೇ ಟ್ರಿಗರ್ ಮುಟ್ಟಬೇಕು. ಅವನು ಈ ಮಾತನ್ನು ಪಾಲಿಸುತ್ತಿದ್ದಾನೆಂದು ಕೇಳಿ ಸಮಾಧಾನವಾಯಿತು.

ಕೊಳ್ಳುವವರು ಗಮನಿಸಬೇಕಾದುದು ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ, ಅಂದರೆ ಒಂದೇ ಸಲ ತಯಾರಾದ ಕಂತಿನ ಗುರುತು. ಹೆಸರು ಅದೇ ಇದ್ದರೂ ಲಾಟ್ ಬದಲಾದರೆ ಗುರಿಫಲಕದ ಮೇಲೆ ನನ್ನ ಗುಂಡುಗಳ ಗುಂಪಿನ ಅಗಲ ಬದಲಾಗಿದೆ. ಆದ್ದರಿಂದ ಮೊದಲು ಒಂದೇ ಪೆಟ್ಟಿಗೆ, 50 ತೋಟಾ, ಹಾರಿಸಿ ನೋಡಿ, ಹಿಡಿಸಿದ ಮೇಲೆಯೇ ಅದೇ ಲಾಟಿನಲ್ಲಿ ಪರವಾನಗಿಯ ಮಿತಿಯೊಳಗೆ ಉಳಿದದ್ದನ್ನು ಕೊಳ್ಳುತ್ತೇನೆ.