ಕಲಬುರಗಿದಾಗ ಎಪಿಎಸ್ ಬ್ಲಡ್ ಟೆಸ್ಟ್: ಒಂದ್ ಕಡಿ ಒಂದೇ ಸ್ಟಾರ್, ಇನ್ನೊಂದ್ ಕಡಿ ನಾಲ್ಕು

ನಮ್ಮ ತಂಗಿಗ ಎರಡು ಸಲ ಕೂಸು ಉಳೀಲಿಲ್ಲ. ಮೊದಲನೇದು ಮೂರನೇ ತಿಂಗಳದಾಗ ಹೋಯ್ತು, ಎರಡನೇದು ಐದು ತಿಂಗಳ ತುಂಬಿದ ಮ್ಯಾಲ ಹೊಟ್ಯಾಗೇ ತೀರಿಕೊಂಡಿತ್ತು, ಸ್ಕ್ಯಾನಿಂಗ್ ಮಾಡೋ ಮೇಡಂ ಹೊಳ್ಳಿ ಹೊಳ್ಳಿ ನೋಡಿ ಕಡೀಕ ಸುಮ್ನ ಆಗ್ಬಿಟ್ರು. ಆವಾಗ ನಮ್ಮ ಡಾಕ್ಟರ್ ಮೇಡಂ ಚೀಟಿ ಮ್ಯಾಲ ಮೂರು ಟೆಸ್ಟ್ ಬರದು ಕೊಟ್ರು, ಲೂಪಸ್ ಆಂಟಿಕೋಆಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ 2 ಗ್ಲೈಕೋಪ್ರೋಟೀನ್. ಅವರಿಗಿ ಅನುಮಾನ ಇದ್ದಿದ್ದು ಎಪಿಎಸ್ ಮ್ಯಾಲ, ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅಂತಾರ, 1983 ದಾಗ ಲಂಡನ್ನಿನ ಗ್ರಹಾಂ ಹ್ಯೂಸ್ ಅನ್ನೋ ಡಾಕ್ಟರ್ ಇದನ್ನ ಖೂನ ಹಿಡದು ಬರದ್ರಂತ. ನಮ್ಮ ಮೈಯಾಗಿನ ಆಂಟಿಬಾಡಿಗಳೇ ತಿರುಗಿ ಬಿದ್ದು ರಗತ ಎಲ್ಲೆಂದರಲ್ಲಿ ಹೆಪ್ಪುಗಟ್ಟೋಹಂಗ ಮಾಡ್ತಾವ, ಕಾಲಿನ ನರದಾಗ, ಮೆದುಳದಾಗ, ಬಸರಿದ್ದೋರಿಗಿ ಮಾಸಿನ ಮ್ಯಾಲೂ ಪೆಟ್ಟು ಬೀಳ್ತದ.

ಈ ಟೆಸ್ಟಿಗಿ ನಾವು ಎರಡು ಲ್ಯಾಬ್ ನೋಡೀವಿ. ಎರಡರ ಹೆಸರೂ ಬರಿಯಂಗಿಲ್ಲ, ಹೆಸರಿಗಿಂತ ಅಲ್ಲಿ ರಗತ ತಗೊಂಡ ಮ್ಯಾಲ ಏನ್ ಮಾಡ್ತಾರ ಅನ್ನೋದು ತಿಳಕೊಳ್ರಿ ಸಾಕು.

ಮೊದಲನೇದು ಸ್ಯಾಂಪಲ್ ತಗೊಂಡು ಬ್ಯಾರೆ ಊರಿಗಿ ಕಳಸೋ ಕಲೆಕ್ಷನ್ ಸೆಂಟರ್. ಏಪ್ರಿಲ್ ತಿಂಗಳ, ನಮ್ಮೂರ ಬಿಸಲು ಹೇಳೋದೇನದ, ಮುಂಜಾನಿ ಹತ್ತಕ್ಕೇ ರೋಡ್ ಸುಡ್ತಿತ್ತು. ತಂಗಿ ಕೈಗಿ ನರ ಸಿಗಲಿಲ್ಲ, ಹುಡುಗ ಮೂರು ಸಲ ಚುಚ್ಚಿದ, ನೀಲಿ ಮುಚ್ಚಳದ ಟ್ಯೂಬಿನಾಗ ಅರ್ಧಾನೂ ರಗತ ಬರಲಿಲ್ಲ, ಗೆರಿ ಭಾಳ ಮ್ಯಾಲ ಇತ್ತು. ನಾ ಕೇಳ್ದೆ, ಅಣ್ಣಾ ಇಷ್ಟು ಸಾಕಾಗ್ತದೇನು ಅಂತ. ಆಗ್ತದ ಅಕ್ಕಾ ಆಗ್ತದ ಅಂದ. ಟ್ಯೂಬ್ ತಗೊಂಡು ಜೋರಾಗಿ ನಾಕು ಸಲ ಝಾಡಿಸಿ ಸ್ಟ್ಯಾಂಡಿನಾಗ ಇಟ್ಟ, ಬಾಕ್ಸ್ ಒಯ್ಯೋರು ಸಂಜಿಗಿ ಬರ್ತಾರ ಅಂದ. ತಂಗಿಗ ಹೆರಿಗಿ ಆದಮ್ಯಾಗ ಕಾಲು ಬಾತಿತ್ತು ಅಂತ ದಿನಾ ಹೊಟ್ಟಿಗಿ ಹೆಪಾರಿನ್ ಅನ್ನೋ ರಗತ ತೆಳು ಮಾಡೋ ಸೂಜಿ ಮಾಡ್ತಿದ್ರು, ಅವತ್ತ ಮುಂಜಾನಿ ಸುದ್ದಾ ಮಾಡಿಸ್ಕೊಂಡೇ ಬಂದಿದ್ಳು. ಅಲ್ಲಿ ಯಾರೂ ಕೇಳಲಿಲ್ಲ, ಹೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಮೂರೂ ಟೆಸ್ಟ್ ಸೇರಿ ಆರು ಸಾವಿರದ ಮ್ಯಾಲ ಹೋಯ್ತು. ವಾರದ ಮ್ಯಾಲ ರಿಪೋರ್ಟ್ ಬಂತು, ಲೂಪಸ್ ಆಂಟಿಕೋಆಗ್ಯುಲಂಟ್ ವೀಕ್ ಪಾಸಿಟಿವ್, ಎಪಿಟಿಟಿ, ಅಂದ್ರ ರಗತ ಹೆಪ್ಪುಗಟ್ಟಾಕ ಹಿಡಿಯೋ ಟೈಮ್, ಜಾಸ್ತಿ ಸೆಕೆಂಡ್ ಅದ ಅಂತ. ನಮ್ಮ ಮಾಮಾ ಜೇವರ್ಗಿದಾಗ ಮೆಡಿಕಲ್ ಶಾಪ್‌ನಾಗ ಕೆಲಸ ಮಾಡ್ತಾರ, ಅವರು ನೋಡಿ, ಅಲ್ಲವಾ ಇದರಾಗ ರಗತ ಹೆಪ್ಪುಗಟ್ಟಾಕ ತಡಾ ಆಗ್ಲತದ ಅಂತದ, ಅಂದ್ರ ರಗತ ತೆಳ್ಳಗ ಅದ, ಮತ್ತ ಯಾಕ ತೆಳ್ಳಗ ಮಾಡೋ ಸೂಜಿ ಹಾಕ್ಸ್ಲತೀರಿ, ನಿಂದರ್ಸ್ರಿ ಅಂದ್ರು. ಮನ್ಯಾಗ ಎರಡು ದಿನ ಇದೇ ಜಗಳ. ನಾ ಸೂಜಿ ಬಿಡಸ್ಲಿಲ್ಲ, ಡಾಕ್ಟರ್ ಹತ್ರ ಹೋದೆ.

ಮೇಡಂ ರಿಪೋರ್ಟ್ ಹಿಡಕೊಂಡು ಕೇಳಿದ್ದು ಎರಡೇ ಮಾತು, ಟ್ಯೂಬ್ ತುಂಬ ತುಂಬಿದ್ರೇನು, ಸೂಜಿ ಯಾವಾಗ ಆಗಿತ್ತು. ನಾ ಹೇಳಿದ ಮ್ಯಾಲ ಆ ಕಾಗದ ಬಾಜೂಕ ಇಟ್ರು. ನೀಲಿ ಮುಚ್ಚಳದ ಟ್ಯೂಬಿನಾಗ ಮೊದಲೇ ಸೋಡಿಯಂ ಸಿಟ್ರೇಟ್ ನೀರು ಇರ್ತದ, ಒಂಬತ್ತು ಪಾಲು ರಗತಕ್ಕ ಒಂದು ಪಾಲು ಅಂತ ಅಳತಿ ಮಾಡೇ ಹಾಕಿರ್ತಾರ. ರಗತ ಕಡಿಮಿ ಬಿದ್ರ ಆ ನೀರು ಹೆಚ್ಚಾಗಿ ಹೆಪ್ಪುಗಟ್ಟೋದು ಸುಮ್ಸುಮ್ನೇ ತಡಾ ಆಗ್ತದ. ಮ್ಯಾಲ ಹೆಪಾರಿನ್ ಬ್ಯಾರೆ. ಹೆಪಾರಿನ್ ಸ್ವಲ್ಪ ಇದ್ರ ತಡಕೊಳ್ಳೋ ಕೆಮಿಕಲ್ ಕಿಟ್ಟಿನಾಗ ಹಾಕಿರ್ತಾರಂತ, ಆದ್ರ ಅದಕ್ಕೂ ಒಂದು ಮಿತಿ ಅದ. ಉಳಿದ ಎರಡು ಟೆಸ್ಟ್ ಬ್ಯಾರೆ ಟ್ಯೂಬಿಂದು, ಹೆಪಾರಿನ್ನಿಂದ ಅವು ಕೆಡೂದಿಲ್ಲ, ಹಂಗಾಗಿ ಅವನ್ನ ಈಗ ಮತ್ತ ಮಾಡಸೋದು ಬ್ಯಾಡ, ಇದೊಂದೇ ಸೂಜಿ ಕೋರ್ಸ್ ಮುಗದ ಮ್ಯಾಲ ಮಾಡಸ್ರಿ ಅಂದ್ರು. ಅಷ್ಟಾದ್ರೂ ರೊಕ್ಕ ಉಳೀತು.

ಮಾಮಾ ಕೇಳಿದ್ದೂ ಕೇಳ್ದೆ. ಅದು ಈ ಕಾಯಿಲಿದಾಗ ಎಲ್ಲರೂ ದಾರಿ ತಪ್ಪೋ ಜಾಗ ಅಂತ ಹೇಳಿದ್ರು. ರಗತ ಹೆಪ್ಪಾಗಬೇಕಂದ್ರ ಫಾಸ್ಫೋಲಿಪಿಡ್ ಅನ್ನೋ ಕೊಬ್ಬಿನ ಪದರ ಬೇಕು, ಟ್ಯೂಬಿನಾಗ ಈ ಆಂಟಿಬಾಡಿ ಹೋಗಿ ಆ ಪದರದ ಮ್ಯಾಲ ಕುಂತು ಬಿಡ್ತದ, ಅದಕ್ಕ ಹೆಪ್ಪುಗಟ್ಟಾಕ ತಡಾ. ಮೈಯೊಳಗ ಅದೇ ಆಂಟಿಬಾಡಿ ನರದ ಒಳಪದರ, ಪ್ಲೇಟ್‌ಲೆಟ್ ಎಲ್ಲಾ ಕೆಣಕಿ ಉಲ್ಟಾ ಹೆಪ್ಪುಗಟ್ಟಸ್ತದ. ಹೆಸರೂ ಹಂಗೇ ದಿಕ್ಕು ತಪ್ಪಸೋದು, ಮೊದಲು ಲೂಪಸ್ ಅನ್ನೋ ಬ್ಯಾರೆ ಕಾಯಿಲಿ ಇದ್ದೋರಲ್ಲಿ ಸಿಕ್ಕಿತ್ತು ಅಂತ ಲೂಪಸ್ ಅಂದ್ರು, ಇದು ಪಾಸಿಟಿವ್ ಬಂದ್ರ ಲೂಪಸ್ ಅದ ಅಂತ ಅರ್ಥ ಅಲ್ಲ. ರಿಪೋರ್ಟ್ ನೋಡಿ ಯಾರರೆ ರಗತ ತೆಳ್ಳಗಾಗ್ಯದ ಸೂಜಿ ಬಿಡ್ರಿ ಅಂದ್ರ ದಯವಿಟ್ಟು ಬಿಡಬ್ಯಾಡ್ರಿ, ಮೊದಲು ಡಾಕ್ಟರಿಗಿ ತೋರಸ್ರಿ.

ಈಗ ನಾಲ್ಕು ಸ್ಟಾರಿನ ಲ್ಯಾಬ್. ಇದು ದವಾಖಾನಿ ಒಳಗಿಂದೇ, ಮೇಡಂ ಹೇಳಿದ್ರು ಅಂತ ಜೂನ್‌ದಾಗ ಹೋದ್ವಿ. ಕೌಂಟರಿನಾಗ ಮೊದಲೇ ಒಂದು ಫಾರ್ಮ್, ರಗತ ತೆಳು ಮಾಡೋ ಗುಳಗಿ ಸೂಜಿ ಏನರೆ ಅದೇನು, ಕಡೀ ಡೋಸ್ ಎಷ್ಟ್ ಗಂಟಿಗಿ, ಜ್ವರ ಬಂದಿತ್ತೇನು, ಹೆರಿಗಿ ಆಗಿ ಎಷ್ಟು ದಿನ. ಸೂಜಿ ಬಿಟ್ಟು ಹನ್ನೆರಡು ದಿನ ಆಗಿತ್ತು, ಬರಕೊಂಡ್ರು. ಫಾರ್ಮ್ ತುಂಬತಿದ್ದಂಗ ನನಗ ಅರ್ಧ ಜೀವ ಬಂದಂಗ ಆಯ್ತು ಖರೆ ಹೇಳ್ತೀನಿ.

ರಗತ ತಗೊಂಡ ಹುಡುಗಿ ಭಾಳ ಛಲೋ. ಅಕ್ಕಾ ಮೊದಲು ನೀರು ಕುಡೀರಿ ಅಂತ ಹತ್ತು ನಿಮಿಷ ಕುಂದರ್ಸಿ, ಕೈ ಒರಸಿ, ಒಂದೇ ಸಲಕ್ಕ ನರ ಹಿಡದಳು. ನೀಲಿ ಟ್ಯೂಬು ಗೆರಿ ತನಕ ತುಂಬೋವರಿಗೂ ಬಿಡಲಿಲ್ಲ. ತುಂಬಿದ ಮ್ಯಾಲ ಝಾಡಿಸಲಿಲ್ಲ, ಎರಡು ಬೆರಳಾಗ ಹಿಡದು ತೊಟ್ಟಿಲ ತೂಗಿದಂಗ ಮೆಲ್ಲಕ ನಾಕು ಸಲ ಆ ಕಡಿ ಈ ಕಡಿ ಹೊಳ್ಳಿಸಿದಳು. ತಂಗಿ ಆ ಕೈ ನೋಡ್ಕೋತ ಕುಂತಿದ್ಳು, ಕಣ್ಣಾಗ ನೀರು. ಆಮ್ಯಾಲ ಆ ಹುಡುಗಿ ಟ್ಯೂಬ್ ಮ್ಯಾಲ ಟೈಮ್ ಬರದು ತಾನೇ ಒಳಗ ಒಯ್ದಳು, ಸಂಜಿ ತನಕ ಬಾಕ್ಸಿಗಿ ಕಾಯೋ ಮಾತೇ ಇಲ್ಲ. ಗ್ಲಾಸಿನ ಆಚಿ ಸೆಂಟ್ರಿಫ್ಯೂಜ್ ಮಷಿನ್ ಕಾಣ್ತಿತ್ತು, ಒಂದ್ಸಲ ತಿರುಗಿಸಿ, ಮ್ಯಾಲಿನ ಹಳದಿ ಪ್ಲಾಸ್ಮಾ ಬ್ಯಾರೆ ಟ್ಯೂಬಿಗಿ ತಗದು ಮತ್ತೊಂದ್ಸಲ ತಿರುಗಿಸಿದ್ರು. ಎರಡು ಸಲ ಯಾಕ ಅಂತ ಕೇಳಿದ್ದಕ್ಕ ಪ್ಲೇಟ್‌ಲೆಟ್ ಉಳದ್ರ ಅದರ ಕೊಬ್ಬು ಆಂಟಿಬಾಡಿನ ಮುಚ್ಚಿಬಿಡ್ತದ ಅಕ್ಕಾ, ಇದ್ದದ್ದು ಇಲ್ಲ ಅಂತ ಬರ್ತದ, ನಾಕು ತಾಸಿನೊಳಗ ಈ ಕೆಲಸ ಮುಗೀಲೇಬೇಕು ಅಂದಳು. ಏಪ್ರಿಲ್‌ದಾಗ ಆ ಬಿಸಲಾಗ ಸಂಜಿ ತನಕ ಕುಂತ ಟ್ಯೂಬ್ ನೆನಪಾಗಿ ಹೊಟ್ಟಿ ಉರೀತು.

ಲೂಪಸ್ ಆಂಟಿಕೋಆಗ್ಯುಲಂಟ್ ನೋಡೋ ಟೆಸ್ಟಿಗಿ ಚೀಟಿ ಮ್ಯಾಲ ಡಿಆರ್‌ವಿವಿಟಿ ಅಂತ ಇತ್ತು. ಅದರ ಪೂರ್ತಿ ಹೆಸರಿನಾಗ ರಸಲ್ಸ್ ವೈಪರ್ ವೆನಮ್ ಅಂತ ಬರ್ತದ, ಅಂದ್ರ ನಮ್ಮ ಕೊಳಕುಮಂಡಲ ಹಾವಿನ ವಿಷ. ನಮ್ಮ ಅವ್ವ ಕೇಳಿ ಹೌಹಾರಿದ್ಳು, ತೊಗರಿ ಹೊಲದಾಗ ದುಡದೋರಿಗಿ ಆ ಹಾವು ಗೊತ್ತಿಲ್ಲದ ಇರ್ತದೇನು. ವಿಷ ಮೈಗಿ ಹಾಕೂದಿಲ್ಲವಾ, ಲ್ಯಾಬಿನಾಗ ಟ್ಯೂಬಿನಾಗಿನ ಪ್ಲಾಸ್ಮಾಕ್ಕ ಅದರಿಂದ ಮಾಡಿದ ಕೆಮಿಕಲ್ ಸ್ವಲ್ಪೇ ಸ್ವಲ್ಪ ಹಾಕ್ತಾರ ಅಂತ ತಿಳಿಸಿ ಹೇಳ್ದೆ. ಆ ವಿಷ ರಗತದಾಗಿನ ಹತ್ತನೇ ಫ್ಯಾಕ್ಟರ್ ಅನ್ನೋ ಹೆಪ್ಪುಗಟ್ಟಸೋ ಪ್ರೋಟೀನನ್ನ ಸೀದಾ ಎಬ್ಬಸ್ತದ, ಎಷ್ಟ್ ಸೆಕೆಂಡಿಗಿ ಹೆಪ್ಪಾಯ್ತು ಅಂತ ಎಣಸ್ತಾರ. ತಡಾ ಆದ್ರ ಮತ್ತ ಜಾಸ್ತಿ ಫಾಸ್ಫೋಲಿಪಿಡ್ ಹಾಕಿ ಎಣಸ್ತಾರ, ಆವಾಗ ತಡಾ ಕಡಿಮಿ ಆದ್ರ ಲೂಪಸ್ ಆಂಟಿಕೋಆಗ್ಯುಲಂಟ್ ಅದ ಅಂತ. ಹಾವಿಗಿ ಹೆಸರು ಬಂದಿದ್ದು ವಿಶಾಖಪಟ್ಟಣದ ಕಡಿ ಕಂಪನಿ ಕಾಲದಾಗ ಕೆಲಸ ಮಾಡಿದ ಪ್ಯಾಟ್ರಿಕ್ ರಸಲ್ ಅನ್ನೋ ಡಾಕ್ಟರದು, 1796 ದಾಗ ನಮ್ಮ ದೇಶದ ಹಾವುಗಳ ಮ್ಯಾಲ ಪುಸ್ತಕ ಬರದೋರು. ಹೊಲದಾಗ ಜೀವ ತೆಗೆಯೋ ಹಾವು ನಮ್ಮ ಹುಡುಗಿ ಕೂಸು ಉಳಸಾಕ ಕೆಲಸಕ್ಕ ಬಂತಲ್ಲ ಅಂತ ಅವ್ವ ಅವತ್ತ ಸಂಜಿ ಶರಣಬಸವೇಶ್ವರ ಅಪ್ಪನ ಗುಡಿಗಿ ಹೋಗಿ ಕಾಯಿ ಒಡಸಿ ಬಂದಳು.

ರಿಪೋರ್ಟ್ ಪಾಸಿಟಿವ್. ಅವರ ಲಿಮಿಟ್ 1.2, ತಂಗಿ ರೇಶಿಯೋ 1.8. ಆದ್ರೂ ಮೇಡಂ ಅವತ್ತೇ ಎಪಿಎಸ್ ಅಂತ ಬರೀಲಿಲ್ಲ, ಹನ್ನೆರಡು ವಾರ ಬಿಟ್ಟು ಮತ್ತ ಮಾಡಸ್ಲೇಬೇಕು ಅಂದ್ರು. ಜ್ವರ, ಇನ್ಫೆಕ್ಷನ್ ಬಂದು ಹೋದಾಗ ಈ ಆಂಟಿಬಾಡಿ ಸ್ವಲ್ಪ ದಿನ ಬಂದು ತಾನಾಗೇ ಹೋಗೋದೂ ಅದ, ಹಂಗ ಬಂದು ಹೋಗೋದಕ್ಕ ಜನ್ಮಪೂರ್ತಿ ಕಾಯಿಲಿ ಹೆಸರು ಹಚ್ಚಬಾರದು. ಆ ಹನ್ನೆರಡು ವಾರ ಮನ್ಯಾಗ ಯಾರೂ ಆ ಮಾತು ಎತ್ತಲಿಲ್ಲ, ಕ್ಯಾಲೆಂಡರ್ ಮ್ಯಾಲ ತಂಗಿನೇ ಪೆನ್ನಿಲೆ ಗೋಲ್ ಹಾಕಿದ್ಳು. ಸೆಪ್ಟೆಂಬರ್‌ದಾಗ ಮೂರೂ ಟೆಸ್ಟ್ ಅಲ್ಲೇ ಮಾಡಿಸಿದ್ವಿ, ಲೂಪಸ್ ಆಂಟಿಕೋಆಗ್ಯುಲಂಟ್ ಮತ್ತ ಪಾಸಿಟಿವ್, ಆಂಟಿಕಾರ್ಡಿಯೋಲಿಪಿನ್ ಟೆಸ್ಟಿನಾಗ ಐಜಿಜಿ ಅನ್ನೋ ತರದ ಆಂಟಿಬಾಡಿ 62, ಅದು 40 ರ ಮ್ಯಾಲ ಇದ್ರ ಲೆಕ್ಕಕ್ಕ ತಗೋತಾರ. ಖಾತ್ರಿ ಆಯ್ತು.

ಒಂದು ಸ್ಟಾರ್ ಯಾಕ ಕಡಿಮಿ ಅಂದ್ರ, ಒಂದು, ಟೆಸ್ಟ್ ದಿನಾ ಹಚ್ಚೂದಿಲ್ಲ, ಸ್ಯಾಂಪಲ್ ಫ್ರೀಜ್ ಮಾಡಿಟ್ಟು ನಾಕೈದು ಕೂಡಿದ ಮ್ಯಾಲ ಹಚ್ತಾರ, ರಿಪೋರ್ಟಿಗಿ ಎಂಟು ದಿನ ಕಾಯಬೇಕು, ಇದು ಮೊದಲೇ ಹೇಳಿದ್ರ ಅಫಜಲಪುರ ಚಿಂಚೋಳಿ ಕಡಿಯಿಂದ ಬರೋರು ಎರಡೆರಡು ಸಲ ಬಸ್ ಹತ್ತೋದು ತಪ್ತದ. ಇನ್ನೊಂದು ನನಗ ಭಾಳ ನೋವಾಗಿದ್ದು, ಬಿಲ್ಲಿಂಗ್ ಕೌಂಟರಿನಾಗ ಕುಂತಾತ ಎಲ್ಲರ ಮುಂದ ಜೋರಾಗಿ ಎಷ್ಟು ಅಬಾರ್ಷನ್ ಆಗ್ಯಾವ ಅಂತ ಕೇಳಿದ. ತಂಗಿ ತಲಿ ಕೆಳಗ ಹಾಕಿ ಬೆರಳು ತೋರಿಸಿದ್ಳು. ಆ ಫಾರ್ಮ್ ಪೇಶಂಟ್ ಕೈಗೇ ಕೊಟ್ಟು ಬರಸ್ಕೊಂಡ್ರ ಏನ್ ಕಡಿಮಿ ಆಗ್ತದ್ರಿ? ಮ್ಯಾನೇಜರಿಗಿ ಹೇಳಿ ಬಂದೀನಿ, ಮುಂದಿನ ಸಲ ಹೋದಾಗ ಬದಲಾಗಿರಲಿಲ್ಲ.

ಕಾಲಾಗ ಹೆಪ್ಪುಗಟ್ಟಿ ರಗತ ತೆಳು ಮಾಡೋ ಗುಳಗಿ ನುಂಗೋರು ಕೇಳ್ರಿ, ರಿವರಾಕ್ಸಾಬಾನ್ ತರದ ಗುಳಗಿ ಇದ್ದಾಗ ಈ ಹಾವಿನ ವಿಷದ ಟೆಸ್ಟ್ ಸುಳ್ಳು ಪಾಸಿಟಿವ್ ಬರಬಹುದು, ವಾರ್ಫರಿನ್ ಇದ್ರೂ ಗೊಂದಲ ಆಗ್ತದ. ಹಂಗಂತ ನೀವೇ ಗುಳಗಿ ಬಿಟ್ಟು ಹೋಗಬ್ಯಾಡ್ರಿ, ಜೀವಕ್ಕ ಅಪಾಯ, ಯಾವಾಗ ಕೊಡಬೇಕು ಅಂತ ಡಾಕ್ಟರೇ ಹೇಳಬೇಕು. ಲ್ಯಾಬಿಗಿ ಫೋನ್ ಮಾಡಿ ಟೆಸ್ಟ್ ಇಲ್ಲೇ ಮಾಡ್ತೀರೋ ಕಳಸ್ತೀರೋ, ಕಳಸೋದಿದ್ರ ಪ್ಲಾಸ್ಮಾ ಇಲ್ಲೇ ತಗದು ಫ್ರೀಜ್ ಮಾಡಿ ಕಳಸ್ತೀರೋ ಅಂತ ಕೇಳ್ರಿ. ಉತ್ತರ ತಡವರಿಸಿದ್ರ ಹೋಗಬ್ಯಾಡ್ರಿ. ಎನ್‌ಎಬಿಎಲ್ ಅಂತ ಲ್ಯಾಬಿಗಿ ಮಾನ್ಯತೆ ಕೊಡೋರ ಬೋರ್ಡ್ ಹಾಕಿದ್ರೂ ಅವರ ಲಿಸ್ಟಿನಾಗ ಈ ಟೆಸ್ಟ್ ಅದೇನು ಅಂತ ನೋಡ್ರಿ, ಬೋರ್ಡ್ ಎಲ್ಲಾ ಟೆಸ್ಟಿಗೂ ಅಲ್ಲ.

ತಂಗಿಗ ಈಗ ಏಳು ತಿಂಗಳ ನಡದದ. ಸಣ್ಣ ಡೋಸ್ ಆಸ್ಪಿರಿನ್, ದಿನಾ ಮುಂಜಾನಿ ಹೊಟ್ಟಿಗಿ ಹೆಪಾರಿನ್ ಸೂಜಿ, ಈಗ ತಾನೇ ಮಾಡ್ಕೋತಾಳ. ಪ್ಲೇಟ್‌ಲೆಟ್ ನೋಡಾಕ ಅದೇ ಲ್ಯಾಬಿಗಿ ಹೋಗ್ತೀವಿ, ಅದೇ ಹುಡುಗಿ ರಗತ ತಗೋತಾಳ, ಹೋದ ವಾರ ಟ್ಯೂಬ್ ಹೊಳ್ಳಿಸ್ಕೋತನೇ ಕೂಸು ಒದೀಲತದೇನ್ ಅಕ್ಕಾ ಅಂತ ಕೇಳಿದ್ಳು.